ನೆರಿಗೆಯೊಳಗಿನ ಡ್ಯಾಮೇಜು

ಡಬ್ಬದೊಳಗಿಂದ ಜಲ್ ಅಂತ ಸದ್ದು ಬಂತು.

"ಜಾಡಿ ತರುಸ್ತೀನಿ ಅಂದ, ಬಳ ತರುಸಿದ್ದೀಯಲ್ಲ" ಅಂದಳು ಅಮ್ಮ. ಎಂಬತ್ತೆರಡು ದಾಟಿದ ಅವಳ ಕಿವಿಗೆ ನಾವು ಹತ್ತಿರ ನಿಂತು ಕೂಗಿದರೂ ಒಮ್ಮೊಮ್ಮೆ ಕೇಳುವುದಿಲ್ಲ. ಒಡಕಿನ ಸದ್ದು ಮಾತ್ರ ಬೀದಿಯಾಚೆ ಆದರೂ ಕೇಳುತ್ತದೆ.

ಡಬ್ಬ ತಂದ ಹುಡುಗ ಅಷ್ಟರಲ್ಲಿ ಬೈಕು ತಿರುಗಿಸಿಯಾಗಿತ್ತು. ಅವನು ಕೇಳಿದ ಓಟಿಪಿಯನ್ನು ನಾನು ಹೇಳಿಯಾಗಿತ್ತು. ಓಟಿಪಿ ಎಂಬುದು ತಾಳಿಯ ಮೂರನೇ ಗಂಟಿನ ಹಾಗೆ. ಅದಾದ ಮೇಲೆ ಡಬ್ಬದೊಳಗೆ ಏನಿದ್ದರೂ ನಮ್ಮದೇ. ಡಬ್ಬದ ಮೇಲೆ ಮದ್ಯದ ಲೋಟದ ಚಿತ್ರ ಬರೆದು, ಬಾಣ ಮೇಲ್ಮುಖವಾಗಿ ಇರಲಿ ಎಂದು ತೋರಿಸಿದ್ದರು. ಬಾಣ ನಮ್ಮ ಜಗಲಿಯ ಮೇಲೆ ಅಡ್ಡಡ್ಡ ಮಲಗಿತ್ತು.

ಇದಕ್ಕೆಲ್ಲ ಮೂಲ ಒಂದು ಬೆಕ್ಕು. ಅಮ್ಮನ ಉಪ್ಪಿನಕಾಯಿ ಜಾಡಿ, ಮೇಲರ್ಧ ಕಾಫಿ ಬಣ್ಣ, ಕೆಳಗರ್ಧ ಹಾಲಿನ ಬಣ್ಣದ್ದು, ಅವಳ ಮದುವೆಯ ವರ್ಷ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಅವಳ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಬಂದದ್ದು. ಅರವತ್ತು ವರ್ಷ ಮಾವಿನಕಾಯಿ, ನಿಂಬೆಕಾಯಿ, ಹೇರಳೆಕಾಯಿಗಳನ್ನು ಸರದಿಯಂತೆ ಸಾಕಿದ್ದು. ಅದನ್ನು ಯುಗಾದಿಗೆ ಎಂಟು ದಿನ ಇರುವಾಗ ಪಕ್ಕದ ಮನೆಯ ಬೆಕ್ಕು ಅಟ್ಟದಿಂದ ಕೆಡವಿತು. ಬೆಕ್ಕಿನ ಮೇಲೆ ಯಾವ ಆಯೋಗದಲ್ಲೂ ದೂರು ಕೊಡಲಾಗುವುದಿಲ್ಲ. ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದೆ. ಎಲ್ಲೆಡೆ ಪ್ಲಾಸ್ಟಿಕ್ಕು. "ಈಗ ಯಾರ್ ಸಾರ್ ಅಷ್ಟು ದೊಡ್ಡ ಜಾಡೀಲಿ ಹಾಕ್ತಾರ? ಕಾಲು ಕೇಜಿ ಪ್ಯಾಕೆಟ್ ತಗೊಂಡೋಯ್ತಾರ" ಅಂದ ಒಬ್ಬ ಅಂಗಡಿಯವನು. ಹನೂರಿನಲ್ಲಿರುವ ಅಕ್ಕನ ಮಗ ಇದನ್ನು ಕೇಳಿ ನಕ್ಕು, ಅಲ್ಲಿಂದಲೇ ಫೋನಿನಲ್ಲಿ ಒತ್ತಿದ. ಹತ್ತು ಲೀಟರಿನ ಜಾಡಿ, 1,649 ರೂಪಾಯಿ, ನಾಲ್ಕು ದಿನದಲ್ಲಿ ಮನೆ ಬಾಗಿಲಿಗೆ.

ಬಂತು. ಜಾಡಿಯಾಗಿ ಅಲ್ಲ, ಜಾಡಿಯ ಸಾಮಗ್ರಿಯಾಗಿ.

ಹಳೆಯ ಜಾಡಿಯ ಕಾಲದಲ್ಲಿ ಅಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವುದನ್ನು ನಾನು ನೋಡಿದ್ದೇನೆ. ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹತ್ತಿರ ತಂದು ಕೇಳುತ್ತಿದ್ದಳು. ಟಣ್ ಅಂದರೆ ಬುಟ್ಟಿಗೆ. ಡಬ್ ಅಂದರೆ ಮಾತಿಲ್ಲದೆ ಕೆಳಗೆ. ಕುಂಬಾರನೂ ಮಾತಾಡುತ್ತಿರಲಿಲ್ಲ, ಮುಂದಿನದನ್ನು ಕೈಗೆ ಕೊಡುತ್ತಿದ್ದ. ತಕರಾರೆಲ್ಲ ದುಡ್ಡು ಕೈ ಬದಲಾಗುವ ಮೊದಲೇ ಮುಗಿಯುತ್ತಿತ್ತು. ಆಮೇಲೆ ದಾರಿಯಲ್ಲಿ ಒಡೆದರೆ ಅದು ದಾರಿಯ ತಪ್ಪು, ಇಲ್ಲವೇ ಹೊತ್ತವನ ಹಣೆಬರಹ. ಈಗ ಆ ಕ್ರಮ ತಿರುಗುಮುರುಗು. ಮೊದಲು ದುಡ್ಡು, ಆಮೇಲೆ ವಸ್ತು, ಕೊನೆಗೆ ಟಣ್ ಡಬ್.

ಅಕ್ಕನ ಮಗ ಫೋನಿನಲ್ಲೇ ದಾರಿ ಹೇಳಿಕೊಟ್ಟ. ಆ ಕಡೆ ಇದ್ದದ್ದು ಮನುಷ್ಯರಲ್ಲ, ಯಂತ್ರ. ಅದಕ್ಕೆ ನನಗಿಂತ ಒಳ್ಳೆಯ ನಡವಳಿಕೆ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಅಂತ ಆರು ಸಲ ಅಂದಿತು. ಫೋಟೋ ಕೇಳಿತು. ಡಬ್ಬದ ಫೋಟೋ, ಲೇಬಲ್ಲಿನ ಫೋಟೋ, ಒಡೆದ ವಸ್ತುವಿನ ಫೋಟೋ. ಚೂರುಗಳನ್ನು ಹಾಸಿಗೆ ಹೊದಿಕೆಯ ಮೇಲೆ ಜೋಡಿಸಿ ತೆಗೆದು ಕಳಿಸಿದೆ. "ಚಿತ್ರದಲ್ಲಿ ವಸ್ತು ಸ್ಪಷ್ಟವಾಗಿ ಕಾಣುತ್ತಿಲ್ಲ" ಅಂದಿತು. ವಸ್ತು ಇದ್ದರಲ್ಲವೇ ಕಾಣುವುದು! ಕೊನೆಗೆ ಅಮ್ಮನ ಎರಡೂ ಕೈಗೆ ದೊಡ್ಡ ಎರಡು ಚೂರು ಕೊಟ್ಟು, ಬಾಗಿಲ ಬೆಳಕಿಗೆ ನಿಲ್ಲಿಸಿದೆ. ಅಮ್ಮ ಸೆರಗು ಸರಿ ಮಾಡಿಕೊಂಡು, ಕೂದಲು ಹಿಂದಕ್ಕೆ ತೀಡಿ, ಫೋಟೋಗೆ ತಕ್ಕ ಗಂಭೀರ ಮುಖ ಮಾಡಿದಳು. ಆ ಚಿತ್ರ ಒಪ್ಪಿಗೆಯಾಯಿತು. ನಮ್ಮ ಮನೆಯಲ್ಲಿ ಅಮ್ಮನ ಒಳ್ಳೆಯ ಫೋಟೋ ಅಂತ ಈಗ ಇರುವುದು ಅದೊಂದೇ.

ವಾಪಸ್ ಒಯ್ಯಲು ಬಂದವನು ಬೇರೆ ಹುಡುಗ. ಅವನ ಫೋನಿನಲ್ಲಿ ಪ್ರಶ್ನೆಗಳ ಪಟ್ಟಿ. ವಸ್ತು ಮೂಲ ಸ್ಥಿತಿಯಲ್ಲಿದೆಯೇ?

"ಇದರ ಮೂಲ ಸ್ಥಿತಿಯೇ ಹೀಗೆ" ಅಂದೆ.

"ಹಂಗಾರ ಹೌದು ಅಂತ ಒತ್ತಲಾ ಸಾರ್?"

"ಒತ್ತಪ್ಪ."

ಸಂಖ್ಯೆ ಎಷ್ಟು? ಪಟ್ಟಿಯಲ್ಲಿ 1 ಅಂತಿತ್ತು. ಅಮ್ಮ ಎಣಿಸಿಟ್ಟದ್ದು ಹದಿನೇಳು, ಪುಡಿ ಬಿಟ್ಟು. ಹುಡುಗ ಯೋಚಿಸಿ 1 ಅಂತಲೇ ಒತ್ತಿದ. ವಾರದೊಳಗೆ ದುಡ್ಡು ಬಂತು. ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಎರಡನೆಯ ಜಾಡಿಗೆ ಅಕ್ಕನ ಮಗ ಮತ್ತೆ ಒತ್ತಿದ. ಈ ಸಲ ವಿಳಾಸ ಬದಲಾಯಿಸಲು ಮರೆತ. ಜಾಡಿ ಹನೂರಿಗೆ ಹೋಯಿತು. ತಪ್ಪು ಅವನದೊಬ್ಬನದೇ ಅಲ್ಲ. ನಮ್ಮ ಮೂರೂರುಗಳ ಪಿನ್‌ಕೋಡು ಒಂದೇ ಜಡೆಯ ಮೂರು ಕಾಲುಗಳ ಹಾಗೆ: ಹನೂರು 571439, ಕೊಳ್ಳೇಗಾಲ 571440, ಯಳಂದೂರು 571441. ಅಕ್ಕ, ನಾನು, ತಂಗಿ ಇದೇ ಕ್ರಮದಲ್ಲಿ ನೆಲೆ ನಿಂತಿದ್ದೇವೆ. ಹುಟ್ಟಿದ ಕ್ರಮವೂ ಅದೇ. ಅಂಚೆಯವರು ನಮ್ಮಪ್ಪನನ್ನು ಕೇಳಿ ಕೊಟ್ಟ ಹಾಗಿದೆ.

ಮೂರೂರು ಇಷ್ಟು ಹತ್ತಿರ ಕೂತಿದ್ದರೂ ತಾತನ ಕಾಲಕ್ಕೆ ಕೊಳ್ಳೇಗಾಲ ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆ, ಯಳಂದೂರು ಮೈಸೂರು ಮಹಾರಾಜರದು, ಅದೂ ದಿವಾನ್ ಪೂರ್ಣಯ್ಯನವರ ಮನೆತನಕ್ಕೆ ಜಹಗೀರಾಗಿ ಬಿಟ್ಟದ್ದು. ಹೆಣ್ಣು ನೋಡಲು ಹೋಗುವುದೆಂದರೆ ಸರ್ಕಾರ ಬದಲಾಯಿಸುವುದು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಅಪ್ಪನ ಕಾಲದ ಅಹವಾಲುಗಳೆಲ್ಲ ಮೈಸೂರಿಗೆ ಹೋದವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದ ಮೇಲೆ ನನ್ನವು ಅಲ್ಲಿಗೆ. ಮೂರು ತಲೆಮಾರು ಒಂದೇ ಬೀದಿಯಲ್ಲಿ ಕೂತು ಮೂರು ದಿಕ್ಕಿಗೆ ಅರ್ಜಿ ಬರೆದಿದ್ದೇವೆ.

ಹನೂರಿಗೆ ಹೋಗಿ ಜಾಡಿ ತರುವ ಕೆಲಸ ನನ್ನದಾಯಿತು. ಡಬ್ಬ ಬಿಚ್ಚಿ ನೋಡೋಣವೆಂದರೆ ಅಕ್ಕ ಬಿಡಲಿಲ್ಲ. "ಒಳಗ ಥರ್ಮೋಕೋಲಲ್ಲಿ ಭದ್ರವಾಗದ. ಬಿಚ್ಚಿಬುಟ್ರ ಮತ್ತ ಹಂಗ ಕೂರುಸಕ್ಕಾಗಲ್ಲ. ಮನಗೋಗಿ ಅಮ್ಮನ ಮುಂದ ಬಿಚ್ಚು." ಅಲ್ಲಾಡಿಸಿ ನೋಡಿದೆವು. ಬಳೆ ಸದ್ದಿಲ್ಲ. ಸಂತೋಷವಾಗಿ ಬಸ್ ಹತ್ತಿದೆ.

ಮಾದಪ್ಪನ ಬೆಟ್ಟದಿಂದ ಬಂದ ಬಸ್ಸು. ಅಮಾವಾಸ್ಯೆ ಮುಗಿಸಿ ಮಾದಪ್ಪನ ಒಕ್ಕಲಿನವರು ಇಳಿದು ಬರುವ ದಿನ ಅಂತ ನನಗೆ ಹೊಳೆದಿರಲಿಲ್ಲ. ಕೂರಲು ಜಾಗವಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಗಂಡಸರಿಗೆ ಸೀಟು ಸಿಗುವುದು ಅಪರೂಪ, ಸಿಗಬೇಕಾಗಿಯೂ ಇಲ್ಲ ಬಿಡಿ, ಎಷ್ಟು ವರ್ಷ ಕೂತಿಲ್ಲ ನಾವು. ಡಬ್ಬವನ್ನು ಎದೆಗೆ ಅವುಚಿಕೊಂಡು ನಿಂತೆ. ಕಂಡಕ್ಟರು "ಏನದು ಸಾರ್, ಲಗೇಜಾ?" ಅಂದ. ಜಾಡಿ ಅಂದೆ. ಒಬ್ಬ ಅಜ್ಜಿ ಕನಿಕರಿಸಿ ತನ್ನ ಕಾಲ ಬಳಿ ಜಾಗ ಮಾಡಿ ಡಬ್ಬ ಇಡಿಸಿಕೊಂಡಳು. ಕಾಮಗೆರೆಯ ಹತ್ತಿರ ಅಡ್ಡ ಬಂದ ಎಮ್ಮೆಗೆ ಡ್ರೈವರು ಬ್ರೇಕ್ ಹಾಕಿದ. ಇಡೀ ಬಸ್ಸು ಉಘೇ ಮಾದಪ್ಪ ಅಂತು. ಡಬ್ಬ ಸೀಟಿನ ಕಬ್ಬಿಣದ ಕಾಲಿಗೆ ಹೋಗಿ ತಾಕಿತು. ಜೋರಾಗೇನಲ್ಲ. ಯಾರೂ ಗಮನಿಸಲಿಲ್ಲ, ನಾನು ಬಿಟ್ಟು.

ಮನೆಗೆ ಬಂದು ಬಿಚ್ಚಿದೆವು. ಜಾಡಿ ಜಾಡಿಯಾಗಿಯೇ ಇತ್ತು. ಹೊಳೆಯುತ್ತಿತ್ತು. ಬಾಯಿಯ ಅಂಚಿನಲ್ಲಿ ಮಾತ್ರ ಒಂದು ಕಡೆ ಹುಣಿಸೆ ಬೀಜದಷ್ಟು ಮುಕ್ಕಾಗಿತ್ತು. ಅಮ್ಮ ಬೆರಳು ಆಡಿಸಿ ಅಲ್ಲಿಗೆ ಬಂದು ನಿಂತಳು. ಏನೂ ಅನ್ನಲಿಲ್ಲ.

ಅನ್ನದೆ ಇದ್ದದ್ದು ಯಾಕೆಂದು ನಿಮಗೆ ಗೊತ್ತಾಗಬೇಕಾದರೆ ಅಪ್ಪನ ವಿಷಯ ಹೇಳಬೇಕು.

ಕೊಳ್ಳೇಗಾಲ ಅಂದರೆ ಹೊರಗಿನವರಿಗೆ ಮಾಟ ಮಂತ್ರ. ಈ ಬಗ್ಗೆ ನೆಂಟರ ಮನೆಗಳಲ್ಲಿ ನಗೆ ತಡೆದುಕೊಂಡು ಉತ್ತರಿಸಿ ನನಗೆ ಸಾಕಾಗಿದೆ. ನಮಗೆ ಊರು ಅಂದರೆ ಮಗ್ಗ. ಬೆಳಗಿನ ಜಾವಕ್ಕೆ ಶುರುವಾಗುವ ಲಾಳಿಯ ಟಕಪಕ, ಬೀದಿಯುದ್ದಕ್ಕೆ ಕಟ್ಟಿದ ಹಾಸು, ಗಂಜಿಯ ವಾಸನೆ. ಅಪ್ಪನದು ನಾಲ್ಕು ಮಗ್ಗ. ಮೂರರಲ್ಲಿ ಕೂಲಿಯವರು, ಒಂದರಲ್ಲಿ ತಾನೇ. ನೇಯ್ದ ಸೀರೆಗಳನ್ನು ಬಿಳಿ ಬಟ್ಟೆಯಲ್ಲಿ ಕಂತೆ ಕಟ್ಟಿ ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗೆ ಕಳಿಸುತ್ತಿದ್ದ. ದುಡ್ಡು ನಿಧಾನಕ್ಕೆ ಬರುತ್ತಿತ್ತು. ವಾಪಸ್ ಕಂತೆ ಮಾತ್ರ ಬೇಗ.

ಡ್ಯಾಮೇಜು ಎಂಬ ಮಾತನ್ನು ನಾನು ಅ ಆ ಇ ಈ ಜೊತೆಗೇ ಕಲಿತೆ. ಹೊಕ್ಕಿನ ಎಳೆ ಬಿಟ್ಟಿದ್ದರೆ ಡ್ಯಾಮೇಜು. ಜರಿ ಕಪ್ಪಾಗಿದ್ದರೆ ಡ್ಯಾಮೇಜು. ಬಣ್ಣ ಸೆರಗಿಗೊಂದು ಒಡಲಿಗೊಂದು ಆಗಿದ್ದರೆ, ಮಗ್ಗದ ಎಣ್ಣೆ ಸಾಸಿವೆಯಷ್ಟು ತಾಗಿದ್ದರೆ ಡ್ಯಾಮೇಜು. ಕಂತೆ ಬಂದ ದಿನ ಅಪ್ಪ ಅದನ್ನು ತಕ್ಷಣ ಬಿಚ್ಚುತ್ತಿರಲಿಲ್ಲ. ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಬಾಗಿಲ ಬೆಳಕಿಗೆ ಕೂತು ಒಂದೊಂದೇ ಮಡಿಕೆ ತೆರೆಯುತ್ತಿದ್ದ. ತಪ್ಪು ಸಿಕ್ಕಿದಾಗ ಅವನ ಮುಖದಲ್ಲಿ ಸಿಟ್ಟಿರುತ್ತಿರಲಿಲ್ಲ. ಕಳೆದದ್ದು ಸಿಕ್ಕಿದವನ ಸಮಾಧಾನದಂಥದ್ದು ಏನೋ ಇರುತ್ತಿತ್ತು. "ಇದು ಮೂಲೆ ಮಗ್ಗದ್ದು, ಅವತ್ತು ಅವನ ಮಗೂಗ ಜ್ವರ ಇತ್ತು" ಅನ್ನುತ್ತಿದ್ದ. ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ವಾಪಸ್' ಅಂತ ಬರೆದು ಮುಚ್ಚುತ್ತಿದ್ದ. ಎಲ್ಲ ಸಲವೂ ಅಲ್ಲದಿದ್ದರೂ, ಬಹಳ ಸಲ ಅದು ಕೂಲಿಯಲ್ಲಿ ಮುರಿದುಕೊಳ್ಳದ ವಾಪಸ್ಸು.

ಒಂದು ದಿನ ಬಂದ ಕಂತೆಯಲ್ಲಿ ಹಸಿರು ಸೀರೆಯೊಂದರ ಒಡಲ ಮೇಲೆ ಗುಂಡಗೆ ಕಲೆ. ಅಪ್ಪ ಮೂಗಿನ ಹತ್ತಿರ ಹಿಡಿದ. ಅಮ್ಮನಿಗೆ ಕೊಟ್ಟ. ಅಮ್ಮ ಮೂಸಿ, "ಕಾಫಿ" ಅಂದಳು. ನಮ್ಮ ಮಗ್ಗದ ಮನೆಯೊಳಗೆ ಕಾಫಿ ಒಯ್ಯುವುದು ನಿಷೇಧವಾಗಿತ್ತು. ಕೂಲಿಯವರು ಹೊರಗೆ ಜಗಲಿಯಲ್ಲಿ ಕೂತು ಕುಡಿಯಬೇಕು. ಕಾಫಿ ಚಿಕ್ಕಪೇಟೆಯದು. ಯಾರೋ ಗಿರಾಕಿಗೆ ಕೊಟ್ಟ ಲೋಟ ಸೀರೆಯ ಮೇಲೆ ಕೂತು ಎದ್ದಿದೆ. "ಬರ್ದು ಕಳ್ಸಿ, ಇದು ನಮ್ದಲ್ಲ ಅಂತ" ಅಂದಳು ಅಮ್ಮ. ಅಪ್ಪ ಪುಸ್ತಕ ತೆಗೆದು ಕೆಂಪು ಶಾಯಿಯಲ್ಲಿ 'ವಾಪಸ್' ಬರೆದ. ಮುಂದಿನ ಹಬ್ಬಕ್ಕೆ ಆ ಸೀರೆ ಅಮ್ಮನ ಮೈಮೇಲಿತ್ತು.

ಅಮ್ಮನ ರೇಷ್ಮೆ ಸೀರೆಗಳೆಲ್ಲ ಹೀಗೆ ಬಂದವು. ಹೊಸದಾಗಿ ಅವಳಿಗೆಂದೇ ನೇಯ್ದದ್ದು ಮದುವೆಯ ಒಂದು ಬಿಟ್ಟರೆ ಇಲ್ಲ. ಏಳು ಸೀರೆಗೂ ಏಳು ತಪ್ಪು, ಏಳೂ ಅವಳಿಗೆ ಬಾಯಿಪಾಠ. ಉಡುವಾಗ ಎಲ್ಲಿಂದ ಶುರು ಮಾಡಿದರೆ ಕಲೆ ಎಷ್ಟನೇ ನೆರಿಗೆಯೊಳಗೆ ಹೋಗುತ್ತದೆಂಬ ಲೆಕ್ಕ ಅವಳಿಗೆ ಕರಗತ. ಮದುವೆ ಮನೆಗಳಲ್ಲಿ ನೆಂಟರು ಸೆರಗು ಹಿಡಿದು ನೋಡಿ, "ಮಗ್ಗದ ಮನೆಯೋರ್ಗೇನಪ್ಪ" ಅನ್ನುವರು. ಅಮ್ಮ ನಗುವಳು, ಕೂರುವಾಗ ಮಾತ್ರ ಹುಷಾರಾಗಿ ಕೂರುವಳು.

ನನ್ನ ಕೈಯಲ್ಲಿ ಈಗ ಮುಕ್ಕಾದ ಜಾಡಿ.

ಅದು ಬರುವಾಗಲೇ ಮುಕ್ಕಾಗಿತ್ತೋ, ಕಾಮಗೆರೆಯ ಎಮ್ಮೆಯಿಂದಾಯಿತೋ? ಒಡೆದ ಚೂರು ಡಬ್ಬದಲ್ಲಿ ಸಿಕ್ಕಿತು, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಎರಡೂ ರೀತಿಯಲ್ಲಿ ಅದು ಡಬ್ಬದಲ್ಲೇ ಇರಬೇಕು. ನಾನು ಬಸ್ಸಿನ ವಿಷಯ ಮನೆಯಲ್ಲಿ ಹೇಳಲಿಲ್ಲ. ಅಕ್ಕನ ಮಗನಿಗೆ ಫೋಟೋ ಕಳಿಸಿದೆ. ಅವನು ಯಂತ್ರಕ್ಕೆ ಕಳಿಸಿದ. ಈ ಸಲ ಯಂತ್ರ ಒಪ್ಪಲಿಲ್ಲ; ಮಾರಿದವರು "ಒಡೆಯುವ ವಸ್ತುಗಳನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂದರಂತೆ.

ಇಲ್ಲಿ ಬಾವ ಪ್ರವೇಶಿಸಿದರು. ಅಕ್ಕನ ಯಜಮಾನರು ವಕೀಲರೊಬ್ಬರ ಬಳಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ವಕೀಲರಿಗೆ ಮರೆತ ಸೆಕ್ಷನ್ನುಗಳನ್ನು ಇವರು ನೆನಪಿಟ್ಟುಕೊಂಡಿದ್ದಾರೆ. "ಅದೆಂಗ ತಗೊಳ್ಳಲ್ಲ?" ಅಂತ ಫೋನಿನಲ್ಲಿ ಗುಡುಗಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರ ಕೆಳಗೆ 2020ರ ಜುಲೈನಲ್ಲಿ ಬಂದ ಆನ್‌ಲೈನ್ ವ್ಯಾಪಾರದ ನಿಯಮಗಳು. ದೋಷವಿರುವ ವಸ್ತುವನ್ನು ಮಾರಿದವನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. ದೂರು ಕೊಟ್ಟ 48 ಗಂಟೆಯೊಳಗೆ ಸ್ವೀಕೃತಿ, ತಿಂಗಳೊಳಗೆ ಪರಿಹಾರ. ಆಗದಿದ್ದರೆ 1915ಕ್ಕೆ ಫೋನು, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಚಾಮರಾಜನಗರದ ಜಿಲ್ಲಾ ಆಯೋಗ. ಮಾರಿದವನು ಡೆಲ್ಲಿಯಲ್ಲಿರಲಿ ಗುಜರಾತಿನಲ್ಲಿರಲಿ, ಕೊಂಡವನು ಇರುವ ಊರಿನಲ್ಲೇ ಕೇಸು ಹಾಕಬಹುದು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ.

"ನಿಮ್ಮಪ್ಪಾರ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅಂದರು ಬಾವ. ಆಗ ಇದ್ದದ್ದು ಲಾರಿ ಆಫೀಸಿನವರ ರಸೀದಿಯ ಮೇಲಿನ ನೇರಳೆ ಮುದ್ರೆ: 'ಓನರ್ಸ್ ರಿಸ್ಕ್'. ಕಾಯ್ದೆ ಅಂದರೆ 1865ರದು, ಬ್ರಿಟಿಷರು ಸರಕು ಸಾಗಿಸುವವರಿಗೆ ಮಾಡಿದ್ದು. ಅದರ ಕೊನೆಯಲ್ಲೊಂದು ಬೆಲೆಬಾಳುವ ಸಾಮಾನುಗಳ ಪಟ್ಟಿ. ಅವು ನೂರು ರೂಪಾಯಿಗೆ ಮೀರಿದ್ದರೆ ಮೊದಲೇ ಬೆಲೆ, ವಿವರ ಹೇಳಿರಬೇಕಿತ್ತು. ಇಲ್ಲದಿದ್ದರೆ ಹೋದದ್ದು ಹೋಯಿತು. ಆ ಪಟ್ಟಿಯಲ್ಲಿ ಗಾಜು ಇತ್ತು, ಪಿಂಗಾಣಿ ಇತ್ತು, ರೇಷ್ಮೆಯೂ ಇತ್ತು. ಅಪ್ಪನ ಕಂತೆ, ಅಮ್ಮನ ಜಾಡಿ ಎರಡನ್ನೂ ಆ ಬಿಳಿಯ ದೊರೆ ಒಂದೇ ಕಾಗದದಲ್ಲಿ ಪಕ್ಕಪಕ್ಕ ಕೂರಿಸಿದ್ದ.

ತಂಗಿಯೂ ಯಳಂದೂರಿನಿಂದ ಫೋನ್ ಮಾಡಿದಳು. ಅವಳ ಮನೆ ಬಳೆಮಂಟಪದ ಹತ್ತಿರ. ಗೌರೀಶ್ವರ ದೇವಸ್ಥಾನದ ಆ ಮಂಟಪದಲ್ಲಿ ಕಲ್ಲಿನಲ್ಲೇ ಕೊರೆದ ಬಳೆಗಳ ಸರಪಣಿ ಇದೆ, ಬಳೆಯೊಳಗೆ ಬಳೆ. ಶತಮಾನಗಳಿಂದ ಗಾಳಿಗೆ ತೂಗುತ್ತಿದೆ, ಥರ್ಮೋಕೋಲಿಲ್ಲ, ಬಬಲ್ ಹಾಳೆಯಿಲ್ಲ. "ನೀನ್ಯಾಕ ಅಷ್ಟು ತಲ ಕೆಡುಸ್ಕತೀಯಣ್ಣ" ಅಂದಳು. "ರಂಗಪ್ಪಂಗ ಎರಡು ವರ್ಷಕ್ಕೊಂದಪ ಚಪ್ಪಲಿ ಮಾಡ್ಕೊಡ್ತಾರ, ಅವ್ನು ಕಾಡೆಲ್ಲ ತಿರುಗಿ ಸವೆಸ್ಕಬತ್ತನ. ಒಂದಿನಾನಾರು ವಾಪಸ್ ಕೊಟ್ಟನ?" ಬಿಳಿಗಿರಿರಂಗ ಸವೆದ ಚಪ್ಪಲಿಗೆ ದುಡ್ಡು ಕೇಳದಿರಬಹುದು, ಅವನಿಗೆ ಬಾವ ಇಲ್ಲವಲ್ಲ.

ನನಗಿದ್ದ ಬಾವ ನಿಯಮಗಳ ಸಮೇತ ಒಂದು ಪುಟದ ಪತ್ರ ಮಾಡಿಸಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮಗನಿಂದ ಕಳಿಸಿದರು. 'ಮಾನಸಿಕ ಯಾತನೆ' ಎಂಬ ಪದ ಎರಡು ಕಡೆ ಬಂದಿತ್ತು. ಕಾಮಗೆರೆ ಎಲ್ಲೂ ಬಂದಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲವಲ್ಲ. ಮೂರನೇ ದಿನ ಉತ್ತರ: ಪೂರ್ತಿ ದುಡ್ಡು ವಾಪಸ್ ಕೊಡುತ್ತಿದ್ದೇವೆ. ಜೊತೆಗೊಂದು ಸಾಲು: ವಸ್ತುವನ್ನು ಹಿಂದಿರುಗಿಸಬೇಕಿಲ್ಲ, ನೀವೇ ಇಟ್ಟುಕೊಳ್ಳಬಹುದು.

ಇದನ್ನು ಓದಿ ಹೇಳಿದಾಗ ಅಮ್ಮ ಎರಡನೇ ಸಲ ಓದಿಸಿದಳು.

"ದುಡ್ಡೂ ಕೊಟ್ಟು, ಜಾಡೀನೂ ಬಿಟ್ಟೋದ್ರ?"

"ಹೂಂ ಕಣಮ್ಮ. ಒಯ್ಯೋ ಖರ್ಚೇ ಜಾಸ್ತಿಯಾಗ್ತದೆ ಅವರಿಗೆ."

"ಹಂಗಾರ ಯಾರ್ ಕೂಲೀಲಿ ಹಿಡ್ಕತಾರ?"

ನನ್ನ ಹತ್ತಿರ ಉತ್ತರವಿರಲಿಲ್ಲ. ದೊಡ್ಡ ಕಂಪನಿಗಳು ಹಾಗೆಲ್ಲ ಹಿಡಿಯುವುದಿಲ್ಲ, ಇಂಥ ನಷ್ಟವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ ಅಂತೆಲ್ಲ ಹೇಳಿದೆ. ಲೆಕ್ಕ ಹಾಕುವವರ ಮನೆಯಲ್ಲೇ ಅರವತ್ತು ವರ್ಷ ಬಾಳಿದ ಅಮ್ಮ ನಂಬಲಿಲ್ಲ. ಮಾರನೇ ದಿನ ಪಕ್ಕದ ಮನೆಗೆ ಏನೋ ಕೊಡಲು ಬಂದಿದ್ದ ಮೊದಲನೇ ಹುಡುಗನನ್ನು ಚಪ್ಪಾಳೆ ತಟ್ಟಿ ಕರೆದಳು. ಲೊಕ್ಕನಹಳ್ಳಿ ಕಡೆಯವನಂತೆ. ಕಾಫಿ ಕೊಟ್ಟು ನೇರವಾಗಿ ಕೇಳಿದಳು: "ಜಾಡಿ ಒಡ್ದೋದ್ದಕ್ಕ ನಿಂಗೇನಾರು ಹಿಡ್ಕಂಡ್ರ ಮಗ?"

ಅವನು ನಕ್ಕ. "ಯಾವ ಜಾಡಿ ಅವ್ವ?" ಅಂದ. ದಿನಕ್ಕೆ ಅರವತ್ತು ಎಪ್ಪತ್ತು ಡಬ್ಬ ಇಳಿಸುವವನಿಗೆ ನಮ್ಮ ಜಾಡಿ ನೆನಪಿರಬೇಕಾದರೂ ಯಾಕೆ? ಕಾಫಿ ಲೋಟವನ್ನು ಜಗಲಿಯ ಮೇಲೆ ಗುಂಡಗೆ ಗುರುತು ಬೀಳುವ ಹಾಗೆ ಇಟ್ಟು ಹೋದ. ನಾನು ಆ ಗುರುತನ್ನು ಬಟ್ಟೆಯಿಂದ ಒರೆಸುತ್ತ, ಯಾಕೋ, ಅಮ್ಮನಿಗೆ ಬಸ್ಸಿನ ವಿಷಯ ಹೇಳಿಬಿಟ್ಟೆ. ಎಮ್ಮೆ, ಬ್ರೇಕು, ಕಬ್ಬಿಣದ ಕಾಲು, ಎಲ್ಲ.

"ಗೊತ್ತು" ಅಂದಳು.

"ಹೆಂಗ್ ಗೊತ್ತು?"

"ಅವತ್ತು ನೀನು ಡಬ್ಬ ಬಿಚ್ಚಕ್ಕ ಮುಂಚೇನೇ ಊಟಕ್ಕ ಕೂತ್ಕಂಡಲ್ಲ."

ಅಕ್ಕನ ಮಗ ಕಳಿಸಿದ 1,649 ರೂಪಾಯಿ ನನ್ನ ಫೋನಿನೊಳಗೆ ಕೂತಿತ್ತು. ಅದನ್ನು ನೋಟು ಮಾಡಿಸಿಕೊಂಡು ಬರಲು ಹೇಳಿ, ಒಂದು ಕೈವಸ್ತ್ರದಲ್ಲಿ ಗಂಟು ಹಾಕಿ, ಬೆಟ್ಟಕ್ಕೆ ಹೋದಾಗ ಹುಂಡಿಗೆ ಅಂತ ದೇವರ ಗೂಡಿನಲ್ಲಿಟ್ಟಳು. ಮಾದಪ್ಪ ಅದನ್ನು ಯಾರ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೋ.

ಮಾವಿನಕಾಯಿ ಬಂತು. ಎರಡು ದಿನ ಹೋಳು ಹೆಚ್ಚಿ, ಉಪ್ಪಲ್ಲಿ ನೆನೆಸಿ, ಸಾಸಿವೆ ಮೆಂತ್ಯ ಹುರಿದು ಪುಡಿ ಮಾಡಿ, ಬಗ್ಗಲಾರದಿದ್ದರೂ ಬಗ್ಗಿ ಅಮ್ಮ ತಾನೇ ಜಾಡಿ ತುಂಬಿದಳು. ಅಡುಗೆಮನೆಯ ಮೂಲೆಯಲ್ಲಿ, ಹಳೆಯ ಜಾಡಿ ಕೂತು ಕೂತು ನೆಲದಲ್ಲಿ ಬಿದ್ದಿದ್ದ ಉಂಗುರದ ಮೇಲೆಯೇ ಇಡಿಸಿದಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಮುಂದೆ ಬಂದು ಅದನ್ನು ಅರ್ಧ ಸುತ್ತು ತಿರುಗಿಸಿದಳು. ಮುಕ್ಕು ಗೋಡೆಯ ಕಡೆಗೆ ಹೋಯಿತು. ಆಮೇಲೆ ಬಾಯಿಗೆ ಬಿಳಿ ಬಟ್ಟೆ ಹೊದಿಸಿ, ಸುತ್ತ ಸಣ್ಣ ಸಣ್ಣ ನೆರಿಗೆ ಹಿಡಿದು, ಗೋಡೆಯ ಕಡೆಗೆ ಎರಡು ನೆರಿಗೆ ಹೆಚ್ಚಿಗೆ ಇಟ್ಟು, ದಾರ ಬಿಗಿದಳು.